ಹಿಂಬದಿಯ ಬ್ರೇಕ್ ಡಿಸ್ಕ್: ಹಾಕಿದ ಹಣಕ್ಕೆ ತಕ್ಕ ಫಲವಿದೆಯೇ?

ವಾಹನಕ್ಕಾಗಿ ಮಾಡುವ ವೆಚ್ಚಗಳಲ್ಲಿ ಬ್ರೇಕಿನ ವೆಚ್ಚದಷ್ಟು ಸುಲಭವಾಗಿ ಮಂಜೂರಾಗುವುದು ಇನ್ನೊಂದಿಲ್ಲ. ಜೀವದ ಪ್ರಶ್ನೆಯಾದುದರಿಂದ ಇಲ್ಲಿ ಲೆಕ್ಕ ನೋಡಬಾರದೆಂಬುದು ಸಾಮಾನ್ಯ ಅಭಿಪ್ರಾಯ. ಆದರೆ ಲೆಕ್ಕ ನೋಡದೆ ಮಾಡಿದ ವೆಚ್ಚವು ಎಷ್ಟೋ ಸಲ ತಪ್ಪು ಜಾಗಕ್ಕೆ ಹೋಗುತ್ತದೆ. ಬ್ರೇಕಿನಲ್ಲಿ ತಪ್ಪು ಜಾಗಕ್ಕೆ ಹೋದ ಹಣವು ನಷ್ಟವನ್ನು ಮಾತ್ರವಲ್ಲ, ಅಪಾಯವನ್ನೂ ತರುತ್ತದೆ.

ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ, 2011ರಲ್ಲಿ ಆರಂಭವಾದ ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ ಮೊದಲಾದ ಕಡೆಗಳಲ್ಲಿ ಕಾರು ಓಡಿಸುವ ಹವ್ಯಾಸ ಬೆಳೆದಂತೆ, ಸ್ಪೋರ್ಟ್ಸ್ ಕಾರಿನ ಹಿಂದಿನ ಗಾಲಿಗಳಿಗೆ ದೊಡ್ಡ ಡಿಸ್ಕ್ ಅಳವಡಿಸುವ ಪರಿಪಾಠವೂ ಬೆಳೆದಿದೆ. ಪುತ್ತೂರು ತಾಲೂಕಿನ ಬೆಟ್ಟಂಪಾಡಿಯಂತಹ ಗಡಿಭಾಗದ ಊರಿನಲ್ಲಿ ಅಡಿಕೆ, ರಬ್ಬರ್, ಕೊಕ್ಕೋ ಸಾಗಿಸುವ ಪಿಕಪ್ಪಿನ ಮಾಲೀಕರಿಗೆ ಇದು ದೂರದ ಸಂಗತಿಯಾಗಿ ಕಾಣಬಹುದು. ವಾಸ್ತವದಲ್ಲಿ ರೇಸ್ ಟ್ರ್ಯಾಕು ಬ್ರೇಕಿಗೆ ಒಡ್ಡುವ ಪರೀಕ್ಷೆಯನ್ನು ಸಂಪಾಜೆ ಘಾಟಿಯು ಪ್ರತಿದಿನವೂ ಒಡ್ಡುತ್ತದೆ. ಆದುದರಿಂದ ಈ ವಿಷಯವನ್ನು ಇಬ್ಬರ ದೃಷ್ಟಿಯಿಂದಲೂ ಪರಿಶೀಲಿಸುವುದು ಉಚಿತ.

ಬ್ರೇಕ್ ಎಂದರೆ ಶಾಖದ ವ್ಯವಹಾರ

ಡಿಸ್ಕ್ ಬ್ರೇಕಿಗೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಅದರ ಸಾಮರ್ಥ್ಯ ಜಗತ್ತಿಗೆ ಮನವರಿಕೆಯಾದುದು 1953ರಲ್ಲಿ, ಡಿಸ್ಕ್ ಬ್ರೇಕ್ ಹೊಂದಿದ ಜಾಗ್ವಾರ್ ಕಾರು ಫ್ರಾನ್ಸಿನ ಲ ಮಾನ್ 24 ಗಂಟೆಗಳ ಸ್ಪರ್ಧೆಯನ್ನು ಗೆದ್ದಾಗ. ಗೆಲುವಿನ ಗುಟ್ಟು ಇಷ್ಟೇ: ಪದೇ ಪದೇ ಬಿಸಿಯಾದರೂ ಡಿಸ್ಕ್ ಬೇಗನೆ ತಣಿಯುತ್ತಿತ್ತು. ಡ್ರಮ್ ಬ್ರೇಕಿನಲ್ಲಿ ಶಾಖವು ಒಳಗೇ ಉಳಿಯುತ್ತದೆ; ಬಿಸಿಯಾದ ಡ್ರಮ್ಮು ಹಿಗ್ಗಿ ಲೈನರಿನಿಂದ ದೂರ ಸರಿಯುವುದರಿಂದ ಪೆಡಲ್ ಕೆಳಗಿಳಿಯುತ್ತದೆ.

ಓಡುವ ವಾಹನದ ಚಲನಶಕ್ತಿಯನ್ನು ಬ್ರೇಕು ಶಾಖವಾಗಿ ಪರಿವರ್ತಿಸುತ್ತದೆ. 1,500 ಕಿ.ಗ್ರಾಂ. ತೂಕದ ಕಾರೊಂದು ಗಂಟೆಗೆ 120 ಕಿ.ಮೀ. ವೇಗದಿಂದ 60 ಕಿ.ಮೀ.ಗೆ ಇಳಿಯುವಾಗ 625 ಕಿಲೋಜೂಲ್ ಶಾಖ ಉತ್ಪತ್ತಿಯಾಗುತ್ತದೆ. ಇದರಲ್ಲಿ ಶೇ. 30 ಹಿಂದಿನ ಗಾಲಿಗಳ ಪಾಲು ಎಂದು ಹಿಡಿದರೆ, ಹಿಂದಿನ ಒಂದೊಂದು ಡಿಸ್ಕಿಗೆ ಸುಮಾರು 94 ಕಿಲೋಜೂಲ್ ಬರುತ್ತದೆ. 5 ಕಿ.ಗ್ರಾಂ. ತೂಕದ ಬೀಡು ಕಬ್ಬಿಣದ ಡಿಸ್ಕ್ ಆಗಿದ್ದಲ್ಲಿ ಒಂದೇ ಸಲಕ್ಕೆ ಅದರ ಉಷ್ಣತೆ ಸುಮಾರು 41 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಅದರ ಬದಲು 6 ಕಿ.ಗ್ರಾಂ. ಡಿಸ್ಕ್ ಹಾಕಿದರೆ ಏರಿಕೆ ಸುಮಾರು 34 ಡಿಗ್ರಿ.

ಇಲ್ಲಿ ವರ್ತಕರಿಗೆ ಪರಿಚಿತವಾದ ಹೋಲಿಕೆಯೊಂದಿದೆ. ಡಿಸ್ಕಿನ ತೂಕವು ಗೋದಾಮಿನಂತೆ. ಅದು ತಣಿಯುವ ವೇಗವು ಮಾಲು ಹೊರಹೋಗುವ ವೇಗದಂತೆ. ಒಳಬರುವ ಮಾಲು ಹೊರಹೋಗುವ ಮಾಲಿಗಿಂತ ಹೆಚ್ಚಿರುವ ತನಕ, ಗೋದಾಮನ್ನು ಎಷ್ಟು ಹಿಗ್ಗಿಸಿದರೂ ಅದು ತುಂಬುವುದು ಸ್ವಲ್ಪ ತಡವಾಗುತ್ತದೆ, ಅಷ್ಟೆ. ಟ್ರ್ಯಾಕಿನಲ್ಲಿ ಸುತ್ತಿಗೆ ಹತ್ತು ಸಲ ಜೋರಾಗಿ ಬ್ರೇಕ್ ಹಾಕುವ ಕಾರಿಗೆ ಗಾಳಿಯ ಸಂಚಾರವೇ ಮುಖ್ಯವಾಗುವುದು ಈ ಕಾರಣದಿಂದ. ಎರಡು ಪದರಗಳ ನಡುವೆ ಗಾಳಿಯಾಡುವ ಡಿಸ್ಕಿಗೆ ಬೆಲೆ ಬಂದುದೂ ಇದರಿಂದಲೇ.

ಹಿಂದಿನ ಬ್ರೇಕ್ ಏಕೆ ಚಿಕ್ಕದು?

ಬ್ರೇಕ್ ಹಾಕಿದಾಗ ವಾಹನದ ಭಾರವು ಮುಂದಕ್ಕೆ ವಾಲುತ್ತದೆ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ 2.6 ಮೀಟರ್ ಅಂತರವಿದ್ದು, ಗುರುತ್ವ ಕೇಂದ್ರವು ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿರುವ ಕಾರನ್ನು ಪರಿಗಣಿಸೋಣ. ಒಣ ರಸ್ತೆಯಲ್ಲಿ ಬಲವಾಗಿ ಬ್ರೇಕ್ ಹಾಕಿದಾಗ ಒಟ್ಟು ಭಾರದ ಸುಮಾರು ಶೇ. 17 ಹಿಂದಿನಿಂದ ಮುಂದಕ್ಕೆ ವರ್ಗವಾಗುತ್ತದೆ. ನಿಂತಾಗ ಅರ್ಧ ಭಾರ ಹೊತ್ತಿದ್ದ ಹಿಂದಿನ ಗಾಲಿಗಳಲ್ಲಿ ಆಗ ಉಳಿಯುವುದು ಮೂರನೆಯ ಒಂದು ಭಾಗ ಮಾತ್ರ. ಭಾರ ಕಡಿಮೆಯಾದ ಟೈರಿನ ಹಿಡಿತವೂ ಕಡಿಮೆ. ಅಂತಹ ಗಾಲಿಗೆ ಹೆಚ್ಚು ಬ್ರೇಕ್ ಬಲ ಕೊಟ್ಟರೆ ಅದು ಉರುಳುವುದನ್ನು ನಿಲ್ಲಿಸಿ ಜಾರತೊಡಗುತ್ತದೆ. ಮುಂದಿನ ಗಾಲಿ ಕಚ್ಚಿಕೊಂಡರೆ ವಾಹನ ನೇರವಾಗಿ ಜಾರುತ್ತದೆ. ಹಿಂದಿನ ಗಾಲಿ ಕಚ್ಚಿಕೊಂಡರೆ ವಾಹನವೇ ತಿರುಗಿ ನಿಲ್ಲುತ್ತದೆ. ತಯಾರಕರು ಹಿಂದಿನ ಬ್ರೇಕನ್ನು ಚಿಕ್ಕದಾಗಿಡುವುದು ಜಿಪುಣತನದಿಂದಲ್ಲ.

ಡಿಸ್ಕಿನ ವ್ಯಾಸವನ್ನು ಹೆಚ್ಚಿಸಿದಾಗ ಪ್ಯಾಡು ಒತ್ತುವ ಜಾಗವು ಗಾಲಿಯ ಕೇಂದ್ರದಿಂದ ದೂರವಾಗುತ್ತದೆ. ಆ ದೂರವು 130 ಮಿ.ಮೀ.ನಿಂದ 145 ಮಿ.ಮೀ.ಗೆ ಏರಿದರೆ, ಪೆಡಲಿನ ಅದೇ ಒತ್ತಡಕ್ಕೆ ಹಿಂದಿನ ಬ್ರೇಕಿನ ಬಲ ಶೇ. 11ಕ್ಕಿಂತ ಅಧಿಕವಾಗುತ್ತದೆ. ಮುಂದಿನ ಬ್ರೇಕನ್ನು ಹಾಗೆಯೇ ಬಿಟ್ಟು ಹಿಂದಿನದನ್ನು ಮಾತ್ರ ಹಿಗ್ಗಿಸಿದರೆ ಸಮತೋಲ ಕೆಡುತ್ತದೆ. ಎಬಿಎಸ್ ವ್ಯವಸ್ಥೆಯು ಗಾಲಿ ಕಚ್ಚಿಕೊಳ್ಳುವುದನ್ನು ತಡೆಯುತ್ತದೆಯಾದರೂ, ಅದರ ಗಣಕವನ್ನು ಸಿದ್ಧಪಡಿಸಿರುವುದು ಮೂಲ ಅಳತೆಯ ಬ್ರೇಕಿಗೆ ಎಂಬುದನ್ನು ಮರೆಯಬಾರದು.

ಹಾಗಾದರೆ ಹಿಂದಿನ ಡಿಸ್ಕಿನ ಸುಧಾರಣೆಗೆ ಅರ್ಥವಿರುವುದು ಯಾವಾಗ? ಮೊದಲನೆಯದಾಗಿ, ಮುಂದಿನ ಬ್ರೇಕನ್ನು ಈಗಾಗಲೇ ಹಿಗ್ಗಿಸಿ, ಹಿಂದಿನ ಪಾಲು ತೀರಾ ಕುಗ್ಗಿದ್ದಲ್ಲಿ. ಎರಡನೆಯದಾಗಿ, ಹಿಂದಿನ ಪ್ಯಾಡುಗಳು ಅಸಹಜವಾಗಿ ಬೇಗನೆ ಸವೆಯುತ್ತಿದ್ದಲ್ಲಿ. ಇತ್ತೀಚಿನ ಕಾರುಗಳಲ್ಲಿ ಜಾರುವಿಕೆಯನ್ನು ತಡೆಯುವ ಇಲೆಕ್ಟ್ರಾನಿಕ್ ವ್ಯವಸ್ಥೆಯು ಚಾಲಕನಿಗೆ ತಿಳಿಯದಂತೆಯೇ ತಿರುವಿನಲ್ಲಿ ಹಿಂದಿನ ಗಾಲಿಯ ಬ್ರೇಕನ್ನು ಒತ್ತುತ್ತಿರುತ್ತದೆ. ಟ್ರ್ಯಾಕಿನಲ್ಲಿ ಹಿಂದಿನ ಡಿಸ್ಕ್ ಕಾಯಲು ಇದೊಂದು ಕಾರಣ. ಈ ಎರಡನೆಯ ಸಂದರ್ಭದಲ್ಲಿ ವ್ಯಾಸವನ್ನು ಬದಲಿಸದೆ, ದಪ್ಪನೆಯ ಗಾಳಿಯಾಡುವ ಡಿಸ್ಕನ್ನು ಅದಕ್ಕೆ ಹೊಂದುವ ಕ್ಯಾಲಿಪರಿನೊಡನೆ ಅಳವಡಿಸುವುದು ಸೂಕ್ತ. ಬ್ರೇಕಿನ ಬಲವು ವ್ಯಾಸವನ್ನು ಅವಲಂಬಿಸಿದೆಯೇ ಹೊರತು ದಪ್ಪವನ್ನಲ್ಲ. ಹೀಗಾಗಿ ಪಿಸ್ಟನ್ನಿನ ಅಳತೆಯೂ ಮೊದಲಿನಷ್ಟೇ ಇದ್ದರೆ ಸಮತೋಲ ಉಳಿದು ಶಾಖ ಮಾತ್ರ ಕಡಿಮೆಯಾಗುತ್ತದೆ. ಅನೇಕ ಕಾರುಗಳಲ್ಲಿ ಹ್ಯಾಂಡ್‌ಬ್ರೇಕು ಹಿಂದಿನ ಡಿಸ್ಕಿನ ಒಳಗಿನ ಚಿಕ್ಕ ಡ್ರಮ್ಮಿನಲ್ಲಿ ಇರುವುದರಿಂದ ಆ ಅಳತೆಯನ್ನೂ ಸರಿನೋಡಬೇಕು.

ಘಾಟಿಯ ಲೆಕ್ಕ

ಈಗ ಪಿಕಪ್ಪಿನ ಲೆಕ್ಕವನ್ನು ನೋಡೋಣ. ಬೆಟ್ಟಂಪಾಡಿಯಿಂದ ಮೈಸೂರಿಗೆ ಹೋಗುವ ವಾಹನವು ಪುತ್ತೂರು, ಸುಳ್ಯ, ಸಂಪಾಜೆ, ಮಡಿಕೇರಿ ಮಾರ್ಗವಾಗಿ ಸಾಗುತ್ತದೆ. ಮಡಿಕೇರಿಯು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಮರಳಿ ಬರುವಾಗ ಸರಕು ತುಂಬಿ ಒಟ್ಟು 3,000 ಕಿ.ಗ್ರಾಂ. ತೂಗುವ ವಾಹನವು 900 ಮೀಟರ್ ಇಳಿಯುತ್ತದೆ ಎಂದು ಇಟ್ಟುಕೊಂಡರೆ, ಕರಗಿಸಬೇಕಾದ ಶಕ್ತಿ ಸುಮಾರು 26,500 ಕಿಲೋಜೂಲ್. ಮೇಲೆ ಹೇಳಿದ ಸ್ಪೋರ್ಟ್ಸ್ ಕಾರು ಟ್ರ್ಯಾಕಿನಲ್ಲಿ 42 ಸಲ ಜೋರಾಗಿ ಬ್ರೇಕ್ ಹಾಕಿದ್ದಕ್ಕೆ ಇದು ಸಮ. ಅದೂ ಹೆಚ್ಚಿನ ಪಿಕಪ್ಪುಗಳಲ್ಲಿ ಹಿಂದೆ ಇರುವುದು ಡ್ರಮ್ ಬ್ರೇಕ್.

ಈ ಶಕ್ತಿಯ ಬಹುಭಾಗವನ್ನು ಎಂಜಿನ್ನಿಗೆ ಹೊರಿಸಬಹುದು. ಹತ್ತಿದ ಗೇರಿನಲ್ಲಿಯೇ ಇಳಿಯಬೇಕೆಂದು ಹಳೆಯ ಚಾಲಕರು ಹೇಳುವುದರ ಅರ್ಥ ಇದೇ. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ಲಿನಲ್ಲಿ ಇಳಿಸುವವರ ಲೆಕ್ಕ ಎರಡು ಕಡೆಯಿಂದಲೂ ತಪ್ಪು. ಇಲೆಕ್ಟ್ರಾನಿಕ್ ನಿಯಂತ್ರಣವುಳ್ಳ ಈಗಿನ ಎಂಜಿನ್ನುಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್ಲಿನಲ್ಲಾದರೋ ಎಂಜಿನ್ ಚಾಲನೆಯಲ್ಲಿಡಲು ಡೀಸೆಲ್ ಬೇಕೇ ಬೇಕು. ಉಳಿತಾಯವಂತೂ ಇಲ್ಲ, ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ.

ಇನ್ನೊಂದು ರೂಢಿಯೂ ಗಮನಾರ್ಹ. ಹೆಚ್ಚು ಸರಕು ಹೇರುವ ಉದ್ದೇಶದಿಂದ ಹಿಂದಿನ ಸ್ಪ್ರಿಂಗಿಗೆ ಹೆಚ್ಚುವರಿ ಲೀಫ್ ಸೇರಿಸುವುದುಂಟು. ಹಲವು ಸರಕು ವಾಹನಗಳಲ್ಲಿ ಹಿಂಬದಿಯು ಎಷ್ಟು ತಗ್ಗಿದೆ ಎಂಬುದನ್ನು ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಹಂಚುವ ವಾಲ್ವ್ ಇರುತ್ತದೆ. ಲೀಫ್ ಸೇರಿಸಿದಾಗ ಹಿಂಬದಿ ತಗ್ಗುವುದಿಲ್ಲ; ವಾಹನ ಖಾಲಿಯಿದೆಯೆಂದು ಎಣಿಸಿ ವಾಲ್ವ್ ಹಿಂದಿನ ಬ್ರೇಕಿನ ಒತ್ತಡವನ್ನು ಕಡಿತಗೊಳಿಸುತ್ತದೆ. ಭಾರ ಅತಿ ಹೆಚ್ಚಿರುವಾಗಲೇ ಬ್ರೇಕು ಅತಿ ಕಡಿಮೆಯಾಗುತ್ತದೆ.

ವೆಚ್ಚದ ಕ್ರಮ

ಕಾರಿರಲಿ, ಪಿಕಪ್ಪಿರಲಿ, ಮೊದಲ ಹಣವು ಬ್ರೇಕ್ ಆಯಿಲಿಗೆ ಹೋಗಬೇಕು. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯ ತನಕ ಕುದಿಯಬಾರದು. ತೇವ ಹೀರಿದ ಅದೇ ಆಯಿಲಿಗೆ ನಿಗದಿಯಾದ ಕನಿಷ್ಠ ಮಟ್ಟ 155 ಡಿಗ್ರಿ ಮಾತ್ರ. ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲ ಮುಟ್ಟುತ್ತದೆ. ಡಿಸ್ಕ್ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ. ವರ್ಷದ ನಾಲ್ಕು ತಿಂಗಳು ಮಳೆ ಸುರಿಯುವ ಕರಾವಳಿಯಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಇದನ್ನು ಬದಲಿಸುವುದು ಕ್ಷೇಮ. ಎರಡನೆಯದು ಕೆಲಸಕ್ಕೆ ತಕ್ಕ ಪ್ಯಾಡು ಮತ್ತು ಲೈನರು. ರೇಸಿನ ಪ್ಯಾಡು ಬಿಸಿಯಾದ ಮೇಲಷ್ಟೇ ಹಿಡಿಯುವುದರಿಂದ ಪೇಟೆಯ ಸಂಚಾರಕ್ಕೆ ಅದು ಯೋಗ್ಯವಲ್ಲ. ಮೂರನೆಯದು ಗಾಳಿಯ ಸಂಚಾರ. ಡಿಸ್ಕಿನ ಸರದಿ ನಾಲ್ಕನೆಯದು. ತೂತು ಕೊರೆದ ಡಿಸ್ಕ್ ನೋಟಕ್ಕೆ ಚೆಂದವಾದರೂ ಸತತ ಶಾಖದಲ್ಲಿ ತೂತಿನ ಅಂಚಿನಿಂದ ಬಿರುಕು ಬಿಡುವ ಸಂಭವವಿದೆ. ಟ್ರ್ಯಾಕಿಗೆ ಗೀರು ಹಾಕಿದ ಅಥವಾ ಸಾದಾ ಡಿಸ್ಕೇ ಮೇಲು.

ತೆರಿಗೆ ಮತ್ತು ಲೆಕ್ಕಪತ್ರ

2017ರಲ್ಲಿ ಜಿಎಸ್‌ಟಿ ಜಾರಿಗೆ ಬಂದಾಗ ಬ್ರೇಕಿನ ಬಿಡಿಭಾಗಗಳಿಗೆ ಶೇ. 28 ತೆರಿಗೆಯಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 18ಕ್ಕೆ ಇಳಿಯಿತು. ಲೆಕ್ಕದ ಸಲುವಾಗಿ 40,000 ರೂ. ಬೆಲೆಯ ಕೆಲಸವೆಂದು ಹಿಡಿದರೆ ತೆರಿಗೆ 7,200 ರೂ. ನೋಂದಾಯಿತ ವರ್ತಕನು ತನ್ನ ವ್ಯವಹಾರದ ಸರಕು ವಾಹನಕ್ಕೆ ಈ ವೆಚ್ಚ ಮಾಡಿದ್ದಲ್ಲಿ, ಸರಿಯಾದ ಬಿಲ್ ಇದ್ದರೆ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ನಿಜವಾದ ವೆಚ್ಚ 40,000 ರೂ. ಆಗುತ್ತದೆ. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಹವ್ಯಾಸಕ್ಕಾಗಿ ಟ್ರ್ಯಾಕಿನಲ್ಲಿ ಓಡಿಸುವ ಕಾರಿನ ವೆಚ್ಚವು ವೈಯಕ್ತಿಕ ಬಳಕೆಯಾದುದರಿಂದ ಜಮೆಗೆ ಅವಕಾಶವಿಲ್ಲ. ಕಾರು ಸಂಸ್ಥೆಯ ಹೆಸರಿನಲ್ಲಿದೆ ಎಂಬುದರಿಂದ ಈ ಸ್ಥಿತಿ ಬದಲಾಗದು.

ಆದಾಯ ತೆರಿಗೆಯಲ್ಲಿಯೂ ಇದೇ ವಿವೇಚನೆ. ಸವೆದ ಡಿಸ್ಕ್, ಡ್ರಮ್, ಲೈನರುಗಳನ್ನು ಅದೇ ಬಗೆಯವುಗಳಿಂದ ಬದಲಿಸುವುದು ಚಾಲ್ತಿ ದುರಸ್ತಿ. ವ್ಯವಹಾರದ ವಾಹನವಾದರೆ ಆ ವರ್ಷವೇ ಪೂರ್ತಿ ವೆಚ್ಚವಾಗಿ ತೋರಿಸಬಹುದು. ಇರುವ ಆಸ್ತಿಯನ್ನು ಕಾಪಾಡುವುದೇ ಚಾಲ್ತಿ ದುರಸ್ತಿ, ಹೊಸ ಅನುಕೂಲವನ್ನು ತರುವುದಲ್ಲ ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಕಾನೂನು ಮತ್ತು ವಿಮೆ

ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ರೀತಿಯಲ್ಲಿ ಬಿಡಿಭಾಗ ಅಳವಡಿಸಿ ವಾಹನ ಮಾರ್ಪಡಿಸಿದ ಮಾಲೀಕರಿಗೆ ಒಂದೊಂದು ಮಾರ್ಪಾಡಿಗೆ 5,000 ರೂ. ದಂಡ ಅಥವಾ ಆರು ತಿಂಗಳ ತನಕ ಸಜೆ, ಇಲ್ಲವೇ ಎರಡನ್ನೂ ವಿಧಿಸಬಹುದು. ಮೂಲ ಅಳತೆಯ ಉತ್ತಮ ಡಿಸ್ಕಿಗೆ ಈ ಆತಂಕವಿಲ್ಲ. ಕ್ಯಾಲಿಪರ್ ಸಹಿತ ಇಡೀ ವ್ಯವಸ್ಥೆಯನ್ನೇ ಬದಲಿಸಿದ ಕಾರನ್ನು ಸಾರ್ವಜನಿಕ ರಸ್ತೆಗೆ ಇಳಿಸುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ವಿಹಿತ. ಖಾಸಗಿ ಕಾರಿನ ಸಾಮಾನ್ಯ ವಿಮಾ ಪತ್ರವು ಸಂಘಟಿತ ರೇಸು ಮತ್ತು ವೇಗಪರೀಕ್ಷೆಯ ಬಳಕೆಯನ್ನು ಹೊರತುಪಡಿಸುತ್ತದೆ. ಮಾರ್ಪಾಡನ್ನು ವಿಮಾ ಸಂಸ್ಥೆಗೆ ತಿಳಿಸದಿದ್ದಲ್ಲಿ ರಸ್ತೆಯ ಅಪಘಾತದಲ್ಲಿಯೂ ಪರಿಹಾರಕ್ಕೆ ತೊಡಕಾಗಬಹುದು.

ಗ್ಯಾರೇಜು ಮತ್ತು ಲೇತ್ ಮಾಲೀಕರಿಗೆ

ಡಿಸ್ಕಿನ ಅಂಚಿನಲ್ಲಿ ಕನಿಷ್ಠ ದಪ್ಪವನ್ನೂ ಡ್ರಮ್ಮಿನಲ್ಲಿ ಗರಿಷ್ಠ ಒಳವ್ಯಾಸವನ್ನೂ ಸಾಮಾನ್ಯವಾಗಿ ಅಚ್ಚೊತ್ತಿರುತ್ತಾರೆ. ಗಿರಾಕಿಯ ಒತ್ತಾಯಕ್ಕೆ ಮಣಿದು ಈ ಮಿತಿ ಮೀರಿ ಲೇತಿನಲ್ಲಿ ಕಡೆದುಕೊಟ್ಟರೆ ಹೊಸ ಡ್ರಮ್ಮಿನ ಹಣ ಉಳಿಯುತ್ತದೆ ನಿಜ. ಆದರೆ ತೆಳುವಾದ ಡ್ರಮ್ಮು ಘಾಟಿಯಲ್ಲಿ ಬೇಗನೆ ಕಾಯುತ್ತದೆ, ಬಿರುಕೂ ಬಿಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಸರಕನ್ನು ಮಾರ್ಪಡಿಸಿದ ಮಾರಾಟಗಾರನು, ಆ ಮಾರ್ಪಾಡೇ ಹಾನಿಗೆ ಪ್ರಮುಖ ಕಾರಣವಾಗಿದ್ದಲ್ಲಿ, ಹೊಣೆಗಾರನಾಗುತ್ತಾನೆ. ಸೇವೆಯಲ್ಲಿನ ದೋಷಕ್ಕೆ ಸೇವೆ ನೀಡಿದವನೂ ಉತ್ತರಿಸಬೇಕು. ಆದುದರಿಂದ ಕಡೆಯುವ ಮೊದಲಿನ ಮತ್ತು ಅನಂತರದ ಅಳತೆಗಳನ್ನು ಬಿಲ್ಲಿನಲ್ಲಿಯೇ ನಮೂದಿಸುವುದು, ಬಿಡಿಭಾಗದ ಸಂಖ್ಯೆ ಬರೆಯುವುದು, ಮಿತಿ ಮೀರಿದ ಡ್ರಮ್ಮನ್ನು ಹಿಂದಿರುಗಿಸಿ ಕಾರಣವನ್ನು ಲಿಖಿತವಾಗಿ ತಿಳಿಸುವುದು, ಇವು ಮೂರೂ ಖರ್ಚಿಲ್ಲದ ರಕ್ಷಣೆಗಳು.

ಸ್ಪೋರ್ಟ್ಸ್ ಕಾರಿನ ಮಾಲೀಕನು ಟ್ರ್ಯಾಕಿನಲ್ಲಿ ತಪ್ಪಿದರೆ ಬದಿಯಲ್ಲಿ ಮರಳು, ಟೈರಿನ ತಡೆಗೋಡೆ, ಸಿದ್ಧವಾಗಿ ನಿಂತ ಆಂಬುಲೆನ್ಸ್ ಇರುತ್ತವೆ. ಸಂಪಾಜೆ ಘಾಟಿಯಲ್ಲಿ ಇಳಿಯುವ ಪಿಕಪ್ಪಿನ ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಕಣಿವೆ, ಎದುರಿಗೆ ಶಾಲಾ ಮಕ್ಕಳಿರುವ ಬಸ್ಸು. ಬ್ರೇಕಿಗೆ ಮೀಸಲಿಟ್ಟ ಹಣವನ್ನು ಎಲ್ಲಿ, ಯಾವ ಕ್ರಮದಲ್ಲಿ ಹಾಕಬೇಕೆಂಬ ವಿಚಾರವು ಆ ಮಾಲೀಕನಿಗಿಂತ ಈ ಮಾಲೀಕನಿಗೇ ಹೆಚ್ಚು ಅಗತ್ಯ. ಬರುವ ಮಳೆಗಾಲಕ್ಕೆ ಮೊದಲು ಆಯಿಲ್, ಲೈನರ್, ಡ್ರಮ್ಮಿನ ಅಳತೆ ಇವುಗಳನ್ನು ಒಮ್ಮೆ ಪರೀಕ್ಷಿಸಿ ವಾಹನದ ಕಡತದಲ್ಲಿ ದಿನಾಂಕ ಸಹಿತ ದಾಖಲಿಸಿಟ್ಟರೆ, ಅದು ವರ್ಷದ ಅತ್ಯಂತ ಲಾಭದಾಯಕ ಲೆಕ್ಕವಾದೀತು.