ರೂಟರ್‌ನ 5ಜಿ, ಮೊಬೈಲ್‌ನ 5ಜಿ ಒಂದೇನಾ?

"ವೈಫೈ ಪಟ್ಟಿಯಲ್ಲಿ 5ಜಿ ಕಂಡರೆ ಅದನ್ನೇ ಒತ್ತಿ, ಮನೆಯಿಡೀ 5ಜಿ ಸ್ಪೀಡ್ ಸಿಗುತ್ತದೆ" ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದು ನಿಜವೇ? ಅಲ್ಲ.

ಮಂಗಳೂರಿನ ಮಣ್ಣಗುಡ್ಡದಂಥ ಕಡೆ, ಹಳೆಯ ಕೆಂಪುಕಲ್ಲಿನ ಮನೆಯನ್ನು ಊಹಿಸಿಕೊಳ್ಳೋಣ. ರೂಟರ್ ಚಾವಡಿಯಲ್ಲಿ, ಅಜ್ಜಿ ಒಳಕೋಣೆಯಲ್ಲಿ. ದುಬೈಯಲ್ಲಿರುವ ಮಗನ ವಿಡಿಯೋ ಕಾಲ್ ಪದೇ ಪದೇ ಕಟ್ ಆಗುತ್ತದೆ. ಮನೆಯವರು ದುಬಾರಿ ಪ್ಲಾನ್ ಹಾಕಿಸಲು ಹೊರಡುತ್ತಾರೆ. ಸ್ವಲ್ಪ ತಾಳಿ!

ಮೊಬೈಲ್‌ನ 5ಜಿ ಎಂದರೆ ಐದನೇ ತಲೆಮಾರಿನ ನೆಟ್‌ವರ್ಕ್. ಭಾರತದಲ್ಲಿ ಅದು ಶುರುವಾದದ್ದು 2022ರ ಅಕ್ಟೋಬರ್ 1ರಂದು. ರೂಟರ್‌ನ 5ಜಿ ಎಂದರೆ 5 ಗಿಗಾಹರ್ಟ್ಸ್ ರೇಡಿಯೋ ತರಂಗ. ವೈಫೈಗೆ ಇದನ್ನು ಬಳಸುವ ಮಾನದಂಡ 1999ರಲ್ಲೇ ಬಂದಿತ್ತು. ಎರಡಕ್ಕೂ ಸಂಬಂಧವಿಲ್ಲ.

ಈ ತರಂಗ ಹತ್ತಿರದಲ್ಲಿ ವೇಗ, ಆದರೆ ದಪ್ಪ ಗೋಡೆ ದಾಟುವಾಗ ಬೇಗ ಸೋಲುತ್ತದೆ. 2.4 ಗಿಗಾಹರ್ಟ್ಸ್ ವೇಗ ಕಡಿಮೆಯಾದರೂ ದೂರ ತಲುಪುತ್ತದೆ. ಹಾಗಾಗಿ ಒಳಕೋಣೆಗೆ ಅದನ್ನೇ ಆರಿಸಿ. ಅನೇಕ ಸ್ಮಾರ್ಟ್ ಬಲ್ಬ್‌ಗಳು ಕನೆಕ್ಟ್ ಆಗುವುದೂ ಇದಕ್ಕೆ ಮಾತ್ರ.

ರೂಟರನ್ನು ಮನೆಯ ನಡುವೆ, ಎತ್ತರದಲ್ಲಿ ಇಡಿ. ಸ್ಟೀಲ್ ಕಪಾಟಿನೊಳಗೆ, ಟಿವಿ ಹಿಂದೆ ಬೇಡ.

ತಪ್ಪು ಎಲ್ಲಿದೆ ಎಂದು ತಿಳಿಯಲು ರೂಟರ್ ಪಕ್ಕ ನಿಂತು ಒಮ್ಮೆ, ಒಳಕೋಣೆಯಲ್ಲಿ ಒಮ್ಮೆ ಸ್ಪೀಡ್ ನೋಡಿ. ಪಕ್ಕದಲ್ಲಿ ಚೆನ್ನಾಗಿದ್ದು ಒಳಗೆ ಕುಸಿದರೆ ಅಡ್ಡಿ ಗೋಡೆಯದ್ದು. ಹೊಸ ಪ್ಲಾನ್‌ನಿಂದ ಪ್ರಯೋಜನವಿಲ್ಲ. ಪಕ್ಕದಲ್ಲೂ ನಿಧಾನವಾಗಿದ್ದರೆ ಮಾತ್ರ ಇಂಟರ್ನೆಟ್ ಕೊಟ್ಟವರಿಗೆ ಫೋನ್ ಮಾಡಿ.

ಆ ಸಂದೇಶ ಮತ್ತೆ ಬಂದರೆ, ಫಾರ್ವರ್ಡ್ ಮಾಡುವ ಬದಲು ಈ ಪರೀಕ್ಷೆಯನ್ನು ಹೇಳಿಕೊಡಿ.