ಹಿತ್ತಲಿಗೆ ಬಂದದ್ದು ಯಾವ ನರಿ?

ಹೊಸಪೇಟೆ–ಕೊಪ್ಪಳ ರಸ್ತೆಯ ಹಿಟ್ನಾಳದಲ್ಲಿ ಯಾರಾದರೂ ‘ರಾತ್ರಿ ಹಿತ್ತಲಿಗೆ ನರಿ ಬಂದಿತ್ತು’ ಎಂದರೆ ‘ಯಾವ ನರಿ?’ ಎಂದು ಕೇಳುವುದು ಒಳ್ಳೆಯದು. ಕನ್ನಡದಲ್ಲಿ ಈ ಒಂದೇ ಹೆಸರು ಎರಡು ಬೇರೆ ಪ್ರಾಣಿಗಳಿಗೆ ಅಂಟಿಕೊಂಡಿದೆ. ಇಂಗ್ಲಿಷಿನ ಜಾಕಲ್ ಸಹ ನಮಗೆ ನರಿ, ಫಾಕ್ಸ್ ಸಹ ನರಿ. ದುರ್ಗಸಿಂಹನ ‘ಪಂಚತಂತ್ರ’ದಲ್ಲಿ ಸಿಂಹಕ್ಕೆ ಮಂತ್ರಿಗಳಾದ ಜಾಣರು ಜಾಕಲ್‌ಗಳು, ದ್ರಾಕ್ಷಿ ಹುಳಿ ಎಂದು ಹೇಳಿ ಹೋದದ್ದು ಗ್ರೀಕರ ಈಸೋಪನ ಕಥೆಯ ಫಾಕ್ಸ್.

ಸಂಜೆ ಕವಿಯುತ್ತಿದ್ದಂತೆ ಹಿಂಡಾಗಿ ಊಳಿಡುವುದು ದೊಡ್ಡ ನರಿ. ತೂಕ ಸುಮಾರು ಎಂಟು–ಹತ್ತು ಕಿಲೊ. ಸಣ್ಣ ನರಿ ಎರಡು–ಮೂರು ಕಿಲೊ ಮಾತ್ರ, ಬೆಕ್ಕಿಗಿಂತ ತುಸು ದೊಡ್ಡದು ಅಷ್ಟೆ. ದೊಡ್ಡ ಕಿವಿ, ಸಣಕಲು ಕಾಲು, ತುದಿ ಕಪ್ಪಾದ ಪೊದೆಬಾಲ ಇದರ ಗುರುತು. ಇದು ದಟ್ಟ ಕಾಡಿನದಲ್ಲ, ಬಯಲುಸೀಮೆಯದು. ಭಾರತ ಉಪಖಂಡ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ನೀರು ಹರಿದ ಮೇಲೆ ಎಡದಂಡೆಯ ಕಾಲುವೆ ಸೀಮೆ ಬತ್ತದ ನಾಡಾಯಿತು. ಗದ್ದೆ ಇದ್ದಲ್ಲಿ ಇಲಿ, ಏಡಿ. ಅವು ಇದ್ದಲ್ಲಿ ದೊಡ್ಡ ನರಿ. ಯಲಬುರ್ಗಾ, ಕುಷ್ಟಗಿ ಕಡೆಯ ಮಳೆಯಾಶ್ರಿತ ಹೊಲಗಳು, ಕುರುಚಲು ಬಯಲುಗಳು ಸಣ್ಣ ನರಿಗೆ ಒಗ್ಗುವ ಜಾಗ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಮಾಡಿದ ಸುಮಾರು 332 ಹೆಕ್ಟೇರಿನ ಧಾಮ ನರಿಗೂ ಆಸರೆ.

ಸಣ್ಣ ನರಿಯ ಊಟದಲ್ಲಿ ಮಿಡತೆ, ಗೆದ್ದಲು, ದುಂಬಿ, ಇಲಿ, ಬಾರಿಹಣ್ಣುಗಳದೇ ಹೆಚ್ಚು ಪಾಲು. ಕೋಳಿಮರಿ ಸಿಕ್ಕರೆ ಬಿಡುವುದಿಲ್ಲ ಎನ್ನುವುದೂ ನಿಜ. ದೊಡ್ಡದಂತೂ ಕೋಳಿಯ ಜೊತೆಗೆ ಕಬ್ಬು, ಕಲ್ಲಂಗಡಿಗೂ ಬಾಯಿ ಹಾಕುತ್ತದೆ. ಕೋಳಿಗೂಡಿನ ಬಾಗಿಲು ಗಟ್ಟಿಯಾಗಿದ್ದರೆ ಅರ್ಧ ಜಗಳ ಮುಗಿಯಿತು. ಇಲಿಗೆ ಇಡುವ ವಿಷ ಇಲಿಯ ಹೊಟ್ಟೆಯಲ್ಲೇ ನರಿಗೂ ತಲುಪುತ್ತದೆ. ಆಮೇಲೆ ಇಲಿ ಹಿಡಿಯುವವರಾರು?

ಪ್ರೀತಿಯಿಂದ ಅನ್ನ ಇಡುವವರೂ ಇದ್ದಾರೆ. ಲಂಡನ್ನಿನ ಮನೆತೋಟಗಳಿಗೆ ಬರುವ ಕೆಂಪು ನರಿಗಳಿಗೆ ಹಾಗೆ ಉಣಿಸುವ ಅಭ್ಯಾಸವೇ ಇದೆ. ನಮ್ಮಲ್ಲಿ ಆ ಅನ್ನಕ್ಕೆ ಮೊದಲು ಬರುವುದು ಬೀದಿನಾಯಿ. ಸೊಲ್ಲಾಪುರ ಜಿಲ್ಲೆಯ ನಾನ್ನಜ್ ಹುಲ್ಲುಗಾವಲಿನಲ್ಲಿ ಅಬಿ ತಮೀಮ್ ವನಕ್ ಮತ್ತು ಸಂಗಡಿಗರು ಸಣ್ಣ ನರಿಗಳ ಮುಂದೆ ತಿನಿಸಿಟ್ಟು ನೋಡಿದ್ದರು. ಹತ್ತಿರದಲ್ಲಿ ನಾಯಿ ಇದ್ದರೆ ನರಿ ತಿನ್ನುವುದನ್ನು ಕಡಿಮೆ ಮಾಡುತ್ತಿತ್ತು. ನಾಯಿಗಳ ಡಿಸ್ಟೆಂಪರ್ ರೋಗ, ರೇಬಿಸ್ ನರಿಗಳಿಗೂ ಹರಡುತ್ತವೆ. ಹಾಗಾಗಿ ಸಾಕುನಾಯಿಗೆ ಲಸಿಕೆ ಹಾಕಿಸಿದರೆ ಅದೇ ನರಿಗೆ ಮಾಡುವ ಉಪಕಾರ. ಹಗಲಲ್ಲೇ ತೂರಾಡುತ್ತ, ಅಂಜದೆ ಮೈಮೇಲೆ ಬರುವ ನರಿಯಿಂದ ದೂರವಿರಬೇಕು. ಕಚ್ಚಿದರೆ ಗಾಯವನ್ನು ಸೋಪು, ನೀರಿನಿಂದ ಹದಿನೈದು ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಅದೃಷ್ಟ ಒಲಿದವನನ್ನು ‘ನರಿ ಮುಖ ನೋಡಿ ಎದ್ದೆಯಾ?’ ಎಂದು ಕೇಳುತ್ತೇವೆ. ಈ ನಂಬಿಕೆಗೆ ನರಿ ತೆತ್ತ ಬೆಲೆ ದೊಡ್ಡದು. ನರಿಗೆ ಕೊಂಬೇ ಇಲ್ಲ. ಆದರೂ ತಾಯಿತಕ್ಕೆಂದು ‘ನರಿಕೊಂಬು’ ಮಾರುವವರು, ಕೊಳ್ಳುವವರು ಇದ್ದಾರೆ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಎರಡೂ ನರಿಗಳನ್ನು ಮೊದಲನೆಯ ಪಟ್ಟಿಗೆ ಏರಿಸಿದೆ. ಹಿಡಿಯುವುದು, ಕೊಲ್ಲುವುದು, ಮಾರುವುದು ಎಲ್ಲವೂ ಅಪರಾಧ.

ಸಣ್ಣ ನರಿ ಮರಿ ಹಾಕುವುದು ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಒಂದು ಸಲಕ್ಕೆ ಎರಡರಿಂದ ನಾಲ್ಕು. ಬಿಲಕ್ಕೆ ಹಲವು ಬಾಯಿಗಳಿರುತ್ತವೆ. ಬೇಸಿಗೆಯಲ್ಲಿ ಬದು ಸರಿಮಾಡಲು ಜೆಸಿಬಿ ತರಿಸುವವರು ಮೊದಲು ಒಮ್ಮೆ ಬಗ್ಗಿ ನೋಡಿದರೆ ಸಾಕು: ಹಸಿ ಮಣ್ಣು, ಹೊಸ ಹೆಜ್ಜೆ ಕಂಡರೆ ಒಳಗೆ ಮರಿಗಳಿರಬಹುದು.