ಹಾಲು ಬಿಡಿಸಿದ ಹಂದಿಮರಿಗಳ ಕರುಳಿನ ಆರೋಗ್ಯ: ಸಸ್ಯಮೂಲದ ಪೂರಕಗಳ ಉಪಯೋಗ ಮತ್ತು ಮಿತಿ

ಮರಿಗಳನ್ನು ತಾಯಿಯಿಂದ ಬೇರ್ಪಡಿಸಿದ ಮೊದಲ ಹತ್ತು ದಿನಗಳು ಹಂದಿ ಸಾಕಣೆಯಲ್ಲಿ ಅತ್ಯಂತ ಸೂಕ್ಷ್ಮವಾದ ಅವಧಿ. ತಾಯಿಯ ಬಳಿ ಚೆನ್ನಾಗಿ ಬೆಳೆಯುತ್ತಿದ್ದ ಮರಿಗಳು ಮೂರನೆಯ ಅಥವಾ ನಾಲ್ಕನೆಯ ದಿನ ನೀರಿನಂತೆ ಭೇದಿ ಮಾಡತೊಡಗಿ, ವಾರದೊಳಗೆ ಒಂದೆರಡು ಸತ್ತು, ಉಳಿದವು ಸೊರಗಿ ನಿಲ್ಲುವುದು ಕೊಡಗಿನ ಸಾಕಣೆದಾರರಿಗೆ ಹೊಸತಲ್ಲ. ಇದನ್ನು ತಡೆಯಲೆಂದು ಔಷಧ ಅಂಗಡಿಯಿಂದ ಆ್ಯಂಟಿಬಯೊಟಿಕ್ ಪುಡಿ ತಂದು ಆಹಾರಕ್ಕೆ ಬೆರೆಸುವ ರೂಢಿ ಕೆಲವೆಡೆ ಇದೆ. ಆ ರೂಢಿಯನ್ನು ಏಕೆ ಕೈಬಿಡಬೇಕು, ಓಮ, ಬೆಳ್ಳುಳ್ಳಿಗಳಂತಹ ಮನೆಯ ವಸ್ತುಗಳು ಎಷ್ಟರಮಟ್ಟಿಗೆ ನೆರವಾಗಬಲ್ಲವು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಭೇದಿಗೆ ಮೂಲ ಕಾರಣ ಹಸಿವು ಎಂದರೆ ಹಲವರಿಗೆ ಅಚ್ಚರಿಯಾದೀತು. ಸಣ್ಣ ಕರುಳಿನ ಒಳಮೈಯಲ್ಲಿ ಬೆರಳಿನಾಕಾರದ ಅಸಂಖ್ಯ ಸೂಕ್ಷ್ಮ ಎಳೆಗಳಿದ್ದು, ಆಹಾರದ ಸತ್ವವನ್ನು ಹೀರುವ ಕೆಲಸ ಅವುಗಳದ್ದು. ಕರುಳಿನೊಳಗೆ ಹಾದುಹೋಗುವ ಆಹಾರವೇ ಅವುಗಳಿಗೂ ಪೋಷಣೆ. ತಾಯಿಯಿಂದ ಬೇರ್ಪಟ್ಟ ಮರಿ ಒಂದೆರಡು ದಿನ ಏನನ್ನೂ ಸರಿಯಾಗಿ ತಿನ್ನದಿದ್ದಾಗ ಈ ಎಳೆಗಳು ಕುಗ್ಗುತ್ತವೆ. ಬಳಿಕ ಹಸಿವಿನಿಂದ ಒಮ್ಮೆಲೇ ಮುಗಿಬಿದ್ದು ತಿಂದ ಹಿಂಡಿ, ತೌಡು ಜೀರ್ಣವಾಗದೆ ಮುಂದಕ್ಕೆ ಸಾಗಿ ದೊಡ್ಡ ಕರುಳಿನಲ್ಲಿ ಕೊಳೆಯುತ್ತದೆ. ಇನ್ನೊಂದೆಡೆ, ಹಾಲಿನ ಸಕ್ಕರೆಯಿಂದ ಉಂಟಾಗುತ್ತಿದ್ದ ಲ್ಯಾಕ್ಟಿಕ್ ಆಮ್ಲ ಇಲ್ಲವಾಗಿ ಜಠರದ ಹುಳಿ ತಗ್ಗುತ್ತದೆ. ಇ. ಕೋಲೈ ಬ್ಯಾಕ್ಟೀರಿಯಾಗಳು ಕರುಳಿಗೆ ಅಂಟಿಕೊಂಡು ವಿಷ ಕಾರಲು ಇದಕ್ಕಿಂತ ಅನುಕೂಲದ ಸ್ಥಿತಿ ಬೇರಿಲ್ಲ.

ಆ್ಯಂಟಿಬಯೊಟಿಕ್ ಪುಡಿಯನ್ನು ನಿತ್ಯ ಅಲ್ಪ ಪ್ರಮಾಣದಲ್ಲಿ ತಿನ್ನಿಸಿದರೆ, ಅದಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳು ಕೊಟ್ಟಿಗೆಯಲ್ಲಿ ನೆಲೆಯೂರುತ್ತವೆ; ಗೊಬ್ಬರದ ಮೂಲಕ, ಕೆಲಸಗಾರರ ಕೈಯ ಮೂಲಕ ಮನೆಯೊಳಗೂ ಬರುತ್ತವೆ. ಐರೋಪ್ಯ ಒಕ್ಕೂಟವು ಬೆಳವಣಿಗೆಗಾಗಿ ಆ್ಯಂಟಿಬಯೊಟಿಕ್ ತಿನ್ನಿಸುವುದನ್ನು 2006ರ ಜನವರಿ 1ರಿಂದ ಸಂಪೂರ್ಣ ನಿಷೇಧಿಸಿತು. ಭಾರತ ಸರ್ಕಾರವು 2019ರ ಜುಲೈನಲ್ಲಿ, ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವ ಕೊಲಿಸ್ಟಿನ್ ಔಷಧದ ತಯಾರಿಕೆ ಮತ್ತು ಮಾರಾಟವನ್ನು ನಿಷೇಧಿಸಿದೆ. ಬೇರಾವ ಔಷಧಕ್ಕೂ ಬಗ್ಗದ ಸೋಂಕು ತಗುಲಿದ ಮನುಷ್ಯರಿಗೆ ಆಸ್ಪತ್ರೆಗಳಲ್ಲಿ ಕೊನೆಯ ಉಪಾಯವಾಗಿ ಕೊಡುವ ಔಷಧಗಳಲ್ಲಿ ಇದೂ ಒಂದು. ಹಳೆಯ ದಾಸ್ತಾನಿನಲ್ಲಿ ಈ ಹೆಸರಿನ ಪೊಟ್ಟಣವಿದ್ದರೆ ಬಳಸತಕ್ಕದ್ದಲ್ಲ.

ಸಸ್ಯಮೂಲದ ಪೂರಕಗಳ ಪೈಕಿ ಹೆಚ್ಚು ಪರೀಕ್ಷೆಗೆ ಒಳಗಾಗಿರುವುದು ಥೈಮಾಲ್ ಎಂಬ ಘಾಟಿನ ಅಂಶ. ವಿದೇಶಗಳಲ್ಲಿ ಇದನ್ನು ಥೈಮ್ ಎಂಬ ಗಿಡದಿಂದ ಪಡೆಯುತ್ತಾರೆ. ನಮ್ಮಲ್ಲಿ ಅದು ಓಮದ ಕಾಳಿನಲ್ಲಿಯೇ ಧಾರಾಳವಾಗಿದೆ. ಓಮದಲ್ಲಿ ಸಾಮಾನ್ಯವಾಗಿ ಶೇ. 2ರಿಂದ 4ರಷ್ಟು ಎಣ್ಣೆಯಿದ್ದು, ಅದರ ಸುಮಾರು ಅರ್ಧಭಾಗ ಥೈಮಾಲ್. ನೂರು ಕೆ.ಜಿ. ಆಹಾರಕ್ಕೆ ಒಂದು ಕೆ.ಜಿ. ಓಮದ ಪುಡಿ ಬೆರೆಸಿದರೆ ಒಂದು ಕೆ.ಜಿ. ಆಹಾರದಲ್ಲಿ ಸುಮಾರು 150 ಮಿಲಿಗ್ರಾಂ ಥೈಮಾಲ್ ದೊರೆಯುತ್ತದೆಂದು ಲೆಕ್ಕ ಹಾಕಬಹುದು. ಈ ಮಿತಿಯನ್ನು ಮೀರಬಾರದು, ಅರ್ಧ ಕೆ.ಜಿ.ಯಿಂದ ಆರಂಭಿಸುವುದು ಕ್ಷೇಮ. ಘಾಟು ಹೆಚ್ಚಾದರೆ ಮರಿ ತಿನ್ನುವುದನ್ನೇ ಬಿಡುತ್ತದೆ, ಆಗ ಭೇದಿಯ ಮೂಲ ಕಾರಣವನ್ನು ನಾವೇ ತಂದುಕೊಂಡಂತಾಗುತ್ತದೆ. ಥೈಮಾಲ್‌ನ ಹೆಚ್ಚಿನ ಪಾಲು ಜಠರ ಮತ್ತು ಸಣ್ಣ ಕರುಳಿನ ಆರಂಭದಲ್ಲಿಯೇ ರಕ್ತಕ್ಕೆ ಸೇರಿಹೋಗುವುದರಿಂದ ದೊಡ್ಡ ಕರುಳಿನವರೆಗೆ ಅದರ ಪ್ರಭಾವ ಅಲ್ಪವೆಂಬುದೂ ನೆನಪಿನಲ್ಲಿರಲಿ. ಕಾರ್ಖಾನೆಯ ಉತ್ಪನ್ನಗಳಲ್ಲಿ ಅದಕ್ಕೆ ಕೊಬ್ಬಿನ ಲೇಪ ಕೊಡುವುದು ಇದೇ ಕಾರಣಕ್ಕೆ.

ಇಲ್ಲಿ ಹಂಡೆಯ ವಿಷಯ ಹೇಳಲೇಬೇಕು. ಮುಸುರೆಯನ್ನೂ ಹೋಟೆಲಿನ ಉಳಿಕೆಯನ್ನೂ ಚೆನ್ನಾಗಿ ಕುದಿಸಿಯೇ ಹಂದಿಗಳಿಗೆ ಕೊಡಬೇಕು. 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿಜ್ವರ ಹರಡುವ ಮಾರ್ಗಗಳಲ್ಲಿ ಬೇಯಿಸದ ಮುಸುರೆಯೂ ಒಂದು. ಆದರೆ ಓಮ, ಬೆಳ್ಳುಳ್ಳಿಗಳನ್ನು ಅದೇ ಹಂಡೆಗೆ ಹಾಕಿ ಕುದಿಸುವುದು ವ್ಯರ್ಥ. ಓಮದ ಎಣ್ಣೆ ಆವಿಯೊಡನೆ ಹಾರಿಹೋಗುತ್ತದೆ. ಬೆಳ್ಳುಳ್ಳಿಯಲ್ಲಿ ಅಲಿಸಿನ್ ಎಂಬ ಅಂಶ ಸಿದ್ಧವಾಗಿ ಇರುವುದಿಲ್ಲ. ಎಸಳನ್ನು ಜಜ್ಜಿದಾಗ ಅದರೊಳಗಿನ ಕಿಣ್ವವೊಂದು ಅದನ್ನು ಉಂಟುಮಾಡುತ್ತದೆ. ಇಡೀ ಎಸಳನ್ನು ಕುದಿಸಿದರೆ ಆ ಕಿಣ್ವವೇ ನಾಶವಾಗುತ್ತದೆ. ಆದ್ದರಿಂದ ಬೆಳ್ಳುಳ್ಳಿಯನ್ನು ಜಜ್ಜಿ, ಹತ್ತು ನಿಮಿಷ ಹಾಗೆಯೇ ಬಿಟ್ಟು, ಆರಿದ ಆಹಾರಕ್ಕೆ ಬೆರೆಸುವುದು ಸರಿಯಾದ ಕ್ರಮ. ಮರಿಯೊಂದಕ್ಕೆ ದಿನಕ್ಕೆ ಒಂದು ಸಣ್ಣ ಎಸಳು ಸಾಕು. ಅತಿಯಾದರೆ ಕೆಂಪು ರಕ್ತಕಣಗಳಿಗೆ ಹಾನಿ. ಓಮವನ್ನೂ ತಿಂಗಳಿಗಾಗುವಷ್ಟು ಪುಡಿಮಾಡಿಡದೆ ಮೂರು ನಾಲ್ಕು ದಿನಕ್ಕೆ ಬೇಕಾದಷ್ಟನ್ನೇ ಪುಡಿಮಾಡಿ, ಮುಚ್ಚಿದ ಡಬ್ಬಿಯಲ್ಲಿಡಬೇಕು.

ಅರಿಶಿನದೊಂದಿಗೆ ಕರಿಮೆಣಸು ಸೇರಿಸಬೇಕೆಂಬ ಮಾತು ನಮ್ಮ ಮೆಣಸಿನ ನಾಡಿನಲ್ಲಿ ಕೇಳಿಬರುತ್ತದೆ. ಮೆಣಸು ಅರಿಶಿನದ ಸತ್ವ ರಕ್ತಕ್ಕೆ ಸೇರುವುದನ್ನು ಬಹಳ ಹೆಚ್ಚಿಸುತ್ತದೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ್ದು ನಿಜ. ಆದರೆ ನಮಗೆ ಬೇಕಿರುವುದು ಕರುಳಿನೊಳಗೆ ಉಳಿಯುವ ಅರಿಶಿನ, ರಕ್ತಕ್ಕೆ ಸೇರುವುದಲ್ಲ. ಮೆಣಸನ್ನು ಮಾರಾಟಕ್ಕೇ ಇಟ್ಟುಕೊಳ್ಳುವುದು ಲಾಭಕರ.

ನಾರಿನಂಶಕ್ಕಾಗಿ ನೂರು ಕೆ.ಜಿ. ಆಹಾರದಲ್ಲಿ ನಾಲ್ಕೈದು ಕೆ.ಜಿ. ಗೋಧಿ ಬೂಸಾ ಸೇರಿಸಬಹುದು. ಗಿಡದಿಂದ ಬಂದದ್ದೆಲ್ಲ ಹಿತಕರವೆಂದು ಭಾವಿಸಿ ತೋಟದಲ್ಲಿ ಪುಕ್ಕಟೆಯಾಗಿ ಸಿಗುವ ಕಾಫಿ ಸಿಪ್ಪೆಯನ್ನು ಮರಿಗಳಿಗೆ ಹಾಕಬಾರದು. ಅದರಲ್ಲಿ ಕೆಫೀನ್ ಮತ್ತು ಒಗರಿನ ಟ್ಯಾನಿನ್ ಇವೆ. ಸುಬಾಬುಲ್ ಸೊಪ್ಪಿನ ಮಿಮೋಸಿನ್ ಹಂದಿಗಳಿಗೆ ವಿಷಕಾರಿ. ಹುರಿಯದ ಅಥವಾ ಬೇಯಿಸದ ಸೋಯಾ ಕಾಳು ಪ್ರೋಟೀನಿನ ಜೀರ್ಣಕ್ರಿಯೆಯನ್ನೇ ತಡೆಯುತ್ತದೆ.

ಐರೋಪ್ಯ ದೇಶಗಳ ಪ್ರಯೋಗಗಳಲ್ಲಿ ಮರಿಗಳನ್ನು ಮೂರು ನಾಲ್ಕು ವಾರಕ್ಕೇ ಹಾಲು ಬಿಡಿಸಿರುತ್ತಾರೆ. ನಮ್ಮಲ್ಲಿ ಆರರಿಂದ ಎಂಟು ವಾರ ತಾಯಿಯ ಬಳಿ ಬಿಡುವುದರಿಂದ ಕರುಳು ಹೆಚ್ಚು ಬಲಿತಿರುತ್ತದೆ. ಹೀಗಾಗಿ ಪೊಟ್ಟಣದ ಮೇಲೆ ಮುದ್ರಿಸಿದ ಫಲಿತಾಂಶ ನಮ್ಮ ಕೊಟ್ಟಿಗೆಯಲ್ಲಿಯೂ ಅಷ್ಟೇ ಕಾಣಬೇಕೆಂದಿಲ್ಲ. ದುಬಾರಿ ಪೂರಕಕ್ಕೆ ಹಣ ತೆರುವ ಮುನ್ನ, ಎರಡನೆಯ ವಾರದಿಂದಲೇ ತಾಯಿಗೆ ಎಟುಕದ ಮೂಲೆಯಲ್ಲಿ ಮರಿಗಳಿಗೆ ಕ್ರೀಪ್ ಆಹಾರ ಇಡಲಾಗಿದೆಯೇ ಎಂದು ನೋಡಿಕೊಳ್ಳಬೇಕು. ಹಾಲು ಬಿಡಿಸುವ ದಿನಕ್ಕೆ ಮುನ್ನವೇ ತಿನ್ನಲು ಕಲಿತ ಮರಿ ಹಸಿದು ಕೂರುವುದಿಲ್ಲ. ತಾಯಿಯನ್ನು ಬೇರೆಡೆಗೆ ಒಯ್ದು ಮರಿಗಳನ್ನು ಅದೇ ಅಂಕಣದಲ್ಲಿ ಉಳಿಸುವುದು, ಮಳೆಗಾಲದಲ್ಲಿ ಒಣ ಹುಲ್ಲಿನ ಹಾಸು ಹಾಕುವುದು, ದಿನಕ್ಕೆ ನಾಲ್ಕೈದು ಬಾರಿ ಸ್ವಲ್ಪಸ್ವಲ್ಪವೇ ತಿನ್ನಿಸುವುದು, ಶುದ್ಧ ನೀರು ಸದಾ ಇರುವಂತೆ ಮಾಡುವುದು, ಇವುಗಳಿಗೆ ಹೆಚ್ಚಿನ ಖರ್ಚಿಲ್ಲ. ಇವಿಲ್ಲದಿದ್ದಲ್ಲಿ ಓಮದಿಂದಲೂ ಪ್ರಯೋಜನವಿಲ್ಲ.

ಭೇದಿ ಆರಂಭವಾದ ಮೇಲೆ ಪೂರಕಗಳನ್ನು ಚಿಕಿತ್ಸೆಯೆಂದು ನಂಬಿ ಕಾಲ ಕಳೆಯಬಾರದು. ಮರಿಯನ್ನು ಬೇರ್ಪಡಿಸಿ, ಬೆಚ್ಚಗಿಟ್ಟು, ಓ.ಆರ್.ಎಸ್. ದ್ರಾವಣ ಕುಡಿಸುತ್ತಾ ಅದೇ ದಿನ ಸಮೀಪದ ಪಶು ಆಸ್ಪತ್ರೆಗೆ ತಿಳಿಸಬೇಕು. ಕಣ್ಣು ಗುಳಿಬಿದ್ದಿದ್ದರೆ, ಭೇದಿಯಲ್ಲಿ ರಕ್ತವಿದ್ದರೆ ಅಥವಾ ದೊಡ್ಡ ಹಂದಿಗಳಿಗೂ ಜ್ವರ ಬಂದಿದ್ದರೆ ಸಂಜೆಯವರೆಗೂ ಕಾಯದೆ ಪಶುವೈದ್ಯಾಧಿಕಾರಿಯನ್ನು ಸಂಪರ್ಕಿಸತಕ್ಕದ್ದು. ಅವರು ಬರುವವರೆಗೆ ಯಾವ ಹಂದಿಯನ್ನೂ ಮಾರಬಾರದು, ಸಾಗಿಸಬಾರದು.